ರೊಕ್ಕ ಕೊಟ್ಟವ ಕಳ್ಳ ಹೆಂಗಾದ?

‘ಪೈರಸಿ ಅಂದರೆ ಕಳವು. ರೊಕ್ಕ ಕೊಟ್ಟಿದ್ದರೂ ಕಳವು, ಕೊಡದಿದ್ದರೂ ಕಳವು.’ ಓದಿಕೊಂಡವರ ನಡುವೆ ಈಗ ಇದು ಸಂಭಾವಿತರ ಮಾತು. ಸಿನಿಮಾ ಶುರುವಾಗುವ ಮುಂಚಿನ ಎಚ್ಚರಿಕೆಯಿಂದ ಹಿಡಿದು ಕಾಲೇಜಿನ ಸೈಬರ್ ಜಾಗೃತಿ ಭಾಷಣದವರೆಗೆ ಎಲ್ಲ ಕಡೆ ಇದೇ ಪಾಠ. ಒಪ್ಪದವನು ಒಂದೋ ಬಿಟ್ಟಿ ಗಿರಾಕಿ, ಇಲ್ಲವೇ ಕಲಾವಿದರ ಹೊಟ್ಟೆಯ ಮೇಲೆ ಹೊಡೆಯುವವನು. ಈ ಪಾಠದಲ್ಲಿ ಅರ್ಧ ಸರಿಯಿದೆ, ಆ ಅರ್ಧವನ್ನು ಮುಂದೆ ಒಪ್ಪುತ್ತೇನೆ. ತಾನು ದುಡ್ಡು ಕೊಟ್ಟು ಕೊಂಡದ್ದನ್ನು ಉಳಿಸಿಕೊಳ್ಳಲು ಪ್ರತಿ ಮಾಡಿಕೊಂಡವನನ್ನೂ, ಸಿನಿಮಾ ಕದ್ದು ಊರಿಗೆಲ್ಲ ಹಂಚುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಉಳಿದರ್ಧ ಶುದ್ಧ ಸುಳ್ಳು. ಆ ಸುಳ್ಳಿನಿಂದ ಲಾಭವಾಗುತ್ತಿರುವುದು ಕಲಾವಿದನಿಗೂ ಅಲ್ಲ.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಂಥ ಊರಿನಲ್ಲಿ ಡಿಟಿಪಿ ಅಂಗಡಿ ಎಂದರೆ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಮಠದ ಪುರಾಣದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ. ಬೀಗರು ನಿಪ್ಪಾಣಿ ಕಡೆಯವರಾದರೆ ಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ನನಗೆ ಪರಿಚಯವಿರುವ ಅಂಥ ಒಂದು ಅಂಗಡಿಯವರು ವರ್ಷಗಳ ಹಿಂದೆ ಎರಡೂ ಭಾಷೆಯ ಸಾಫ್ಟ್‌ವೇರನ್ನು ಬಿಲ್ ಸಮೇತ ಕೊಂಡಿದ್ದರು. ಅದರ ಜತೆಗೆ ಹೆಬ್ಬೆರಳಿನಷ್ಟು ಒಂದು ಪ್ಲಾಸ್ಟಿಕ್ ತುಂಡು ಬಂದಿತ್ತು. ಡಾಂಗಲ್ ಅನ್ನುತ್ತಾರೆ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಒಂದು ಲಗ್ನದ ಸೀಜನ್ನಿನಲ್ಲಿ ಕರೆಂಟು ಏರಿಳಿದು ಆ ಡಾಂಗಲ್ ಸುಟ್ಟಿತು.

ಮಾರಿದವರಿಗೆ ಫೋನ್ ಹಚ್ಚಿದರೆ, ಆ ಆವೃತ್ತಿ ನಿಂತುಹೋಗಿದೆ, ಹೊಸದನ್ನು ಪೂರ್ತಿ ದರಕ್ಕೆ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಹಳೆಯ ಬಿಲ್ ಇತ್ತು, ಸಿಡಿ ಇತ್ತು, ಸುಟ್ಟ ಡಾಂಗಲ್ ಕೂಡ ಇತ್ತು. ವರ್ಷಗಟ್ಟಲೆ ಕೂಡಿಟ್ಟ ಫೈಲುಗಳಿದ್ದವು. ಅವು ಯುನಿಕೋಡ್ ಬಳಕೆಗೆ ಬರುವ ಮುಂಚಿನವು. ಆ ಸಾಫ್ಟ್‌ವೇರ್ ಇಲ್ಲದೆ ತೆರೆದರೆ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂಬ ಸಾಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡೆಗೆ ನಿಪ್ಪಾಣಿಯ ಹುಡುಗನೊಬ್ಬ ಪೆನ್‌ಡ್ರೈವಿನಲ್ಲಿ ಲಾಕ್ ಮುರಿದ ಪ್ರತಿ ತಂದ. ‘ಐದ್ ಮಿನಿಟ್ ಕೆಲಸ ಬಿಡ್ರಿ ಮಾಮಾ’ ಅಂದ. ಅಂಗಡಿ ಮತ್ತೆ ನಡೆಯಿತು.

‘ಸರ, ಬಿಲ್ ಐತಿ, ಡಬ್ಬಿ ಐತಿ, ರೊಕ್ಕ ಮುಟ್ಟಿದ್ದು ಅವರ ಲೆಕ್ಕದಾಗೂ ಐತಿ. ನಾ ಯಾರ ಮನಿಗೆ ಕನ್ನಾ ಹಾಕೀನ್ರಿ?’ ಎಂದು ಅವರು ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಪಾಠ ಹೇಳುವವರದು.

ಅವರ ಮೊದಲ ಉತ್ತರ ಗೊತ್ತೇ ಇದೆ: ಕಳವು ಕಳವೇ. ಆದರೆ ಕಳವಿಗೆ ನಮ್ಮ ಕಾನೂನಿನಲ್ಲಿ ಒಂದು ಗಟ್ಟಿ ಅರ್ಥವಿದೆ. ಹಿಂದೆ ಭಾರತೀಯ ದಂಡ ಸಂಹಿತೆಯ 378ನೆಯ ಕಲಮು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಹೇಳುವುದು ಇಷ್ಟು: ಇನ್ನೊಬ್ಬನ ಸ್ವಾಧೀನದಲ್ಲಿರುವ ಚರಾಸ್ತಿಯನ್ನು ಅವನ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಅಲ್ಲಿಂದ ಕದಲಿಸಬೇಕು. ಪ್ರತಿ ಮಾಡಿಕೊಂಡಾಗ ಯಾರ ಕೈಯಿಂದಲೂ ಏನೂ ಕದಲುವುದಿಲ್ಲ. ಅದಕ್ಕೇ ಹಕ್ಕುಸ್ವಾಮ್ಯಕ್ಕೆ 1957ರ ಪ್ರತ್ಯೇಕ ಕಾಯ್ದೆ ಬೇಕಾದದ್ದು. ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲಿ ಡೌಲಿಂಗ್ ಎಂಬಾತನ ಪ್ರಕರಣದಲ್ಲಿ ಇದನ್ನೇ ಹೇಳಿತು. ಆ ಆಸಾಮಿ ಎಲ್ವಿಸ್ ಪ್ರೀಸ್ಲಿಯ ಹಾಡುಗಳ ನಕಲಿ ತಟ್ಟೆ ಮಾಡಿ ಮಾರಿದವನು, ನನ್ನ ಸಹಾನುಭೂತಿಗೇನೂ ಅರ್ಹನಲ್ಲ. ಅವನದು ಹಕ್ಕುಸ್ವಾಮ್ಯದ ಉಲ್ಲಂಘನೆ ಹೌದು. ಕದ್ದ ಮಾಲು ಸಾಗಿಸಿದ ಅಪರಾಧ ಅದಲ್ಲ ಎಂದಿತು ಕೋರ್ಟು. ಮಾರಿ ದುಡ್ಡು ಮಾಡಿಕೊಂಡವನ ವಿಷಯದಲ್ಲೇ ಇಷ್ಟು ಎಚ್ಚರ ವಹಿಸಿದ್ದಾರೆ. ದುಡ್ಡು ಕೊಟ್ಟು ಕೊಂಡವನ ಮೇಲೆ ಆ ಪದವನ್ನು ಎಸೆಯುವವರು ಒಂದು ಕ್ಷಣವಾದರೂ ತಡೆಯಬೇಡವೇ?

ಆಗ ಎರಡನೆಯ ಉತ್ತರ ಬರುತ್ತದೆ, ಇದು ಹೆಚ್ಚು ಜಾಣತನದ್ದು: ‘ನೀವು ಕೊಂಡದ್ದು ವಸ್ತುವನ್ನಲ್ಲ, ಲೈಸೆನ್ಸನ್ನು. ಷರತ್ತುಗಳಿಗೆ ಒಪ್ಪಿದ್ದೀರಿ.’ ಗುಂಡಿಯ ಮೇಲೆ ‘ಖರೀದಿಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ನೀವು ಏನನ್ನೂ ಖರೀದಿಸಿಲ್ಲ ಎಂಬುದನ್ನು ಹತ್ತಾರು ಪುಟಗಳ ಇಂಗ್ಲಿಷಿನೊಳಗೆ ಹೂತಿಡುವುದು ಎಮ್ಮೆ ಮಾರಿ ರೊಕ್ಕ ಎಣಿಸಿಕೊಂಡು ಹಗ್ಗವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುವ ವ್ಯಾಪಾರ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ರಾಯಬಾಗದ ಹುಡುಗಿ ಅದನ್ನು ಓದಿ ಒಪ್ಪಿದಳು ಎಂದು ನಂಬುವವರು ಯಾರು? ಬೆಂಗಳೂರಿನ ವಕೀಲರೂ ಓದುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿ, ಬರೀ ಲೈಸೆನ್ಸ್ ಕೊಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಮಾತು ಬಳಸಬಾರದು ಎಂದಿತು. ಕಂಪನಿಗಳ ತವರಿನಲ್ಲೇ ಹೀಗೆ ಹೇಳಬೇಕಾಗಿ ಬಂದದ್ದು ಸಾಕಷ್ಟು ಹೇಳುತ್ತದೆ.

ಹಗ್ಗ ಎಳೆದ ದಿನಗಳೂ ಇವೆ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಗ್ರಾಹಕರ ಸಾಧನಗಳೊಳಗೆ ಕೈಹಾಕಿ ಎರಡು ಪುಸ್ತಕಗಳನ್ನು ಅಳಿಸಿತು. ಪುಸ್ತಕಗಳು ಯಾವುವು? ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’. ಕಟ್ಟಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಮಾರಿದವರಿಗೆ ಆ ಪುಸ್ತಕ ಮಾರುವ ಹಕ್ಕೇ ಇರಲಿಲ್ಲ ಎಂಬುದು ಕಾರಣ, ದುಡ್ಡು ವಾಪಸು ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಶಾಲೆಯ ಪಾಠಕ್ಕೆಂದು ಸಾಲುಸಾಲಿಗೆ ಟಿಪ್ಪಣಿ ಹಾಕಿಕೊಂಡಿದ್ದ ಮಿಶಿಗನ್‌ನ ಹುಡುಗನೊಬ್ಬನಿಗೆ ಪುಸ್ತಕವಿಲ್ಲದ ಟಿಪ್ಪಣಿಗಳು ಉಳಿದವು. ಅವನು ಕೋರ್ಟಿಗೆ ಹೋದ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ತೆರೆಯುವುದನ್ನು ನಿಲ್ಲಿಸಿದವು. ಅಲ್ಲೂ ಹಣ ಹಿಂದಿರುಗಿತು, ಟಿಪ್ಪಣಿ ಬರೆದವರಿಗೆ 25 ಡಾಲರ್ ಹೆಚ್ಚಿಗೆ ಸಿಕ್ಕಿತು. ಸರಿ, ಮರ್ಯಾದಸ್ಥರೇ. ಆದರೆ ನನ್ನ ಕಪಾಟಿನ ಪುಸ್ತಕವನ್ನು ಬೆಲೆ ಕೊಟ್ಟು ವಾಪಸು ಒಯ್ಯುವ ಹಕ್ಕು ಯಾವ ಅಂಗಡಿಯವನಿಗೆ ಇದೆ?

ನಮ್ಮ ದೇಶದ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಡಬೇಕು. ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಹಾಡುಗಳ ಅಂಗಡಿ ತೆರೆಯಿತು. ಲಾಕ್ ಇಲ್ಲದ ಎಂಪಿ3 ಫೈಲುಗಳನ್ನು ಮಾರಿತು. 2013ರ ಜೂನ್‌ನಲ್ಲಿ ವ್ಯಾಪಾರ ಗಿಟ್ಟದೆ ಬಾಗಿಲು ಹಾಕಿತು, ಕೊಂಡ ಹಾಡುಗಳನ್ನು ಇಳಿಸಿಕೊಳ್ಳಲು ಗ್ರಾಹಕರಿಗೆ ಸಮಯ ಕೊಟ್ಟಿತು. ಇಳಿಸಿಕೊಂಡವರ ಹಾಡುಗಳು ಇವತ್ತಿಗೂ ನುಡಿಯುತ್ತವೆ. ಅಂಗಡಿ ಮುಳುಗಿತು, ಮಾಲು ಮುಳುಗಲಿಲ್ಲ. ಕೊಳ್ಳುವುದು ಅಂದರೆ ಇಷ್ಟೇ. ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿದಾಗ ನನಗೆ ಹಾಗೆ ಸಿಟ್ಟು ಬರಲಿಲ್ಲ; ಅದು ತಿಂಗಳ ಬಾಡಿಗೆಯ ವ್ಯವಹಾರ, ಬಾಡಿಗೆಯೆಂದೇ ಹೇಳಿ ಕೊಟ್ಟದ್ದು.

ಕನ್ನಡದ ಓದುಗನ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಹೊರಗೆ ನಿಂತಿತು. ಅಥಣಿಯ ಒಂದೇ ಮನೆಯಲ್ಲಿ ಮರಾಠಿ ಓದುವ ಸೊಸೆಗೆ ಅಂಗಡಿ ತೆರೆದಿದೆ, ಕನ್ನಡ ಓದುವ ಮಾವನಿಗೆ ಇಲ್ಲ. ಮಾವ ಏನು ಮಾಡಬೇಕು? ತಾನು ಕೊಂಡ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿಸಿ, ಅಕ್ಷರ ದೊಡ್ಡದು ಮಾಡಿಕೊಂಡು ಓದಿದರೆ, ಕಣ್ಣು ಮಂಜಾದ ಮುದುಕನನ್ನು ಪೈರೇಟ್ ಎನ್ನುತ್ತೀರಾ? 2025ರ ಫೆಬ್ರವರಿಯಿಂದಂತೂ ಕೊಂಡ ಇ-ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನಿಂದ ಕಿಂಡಲ್‌ಗೆ ಹಾಕಿಕೊಳ್ಳುವ ದಾರಿಯನ್ನೇ ಅಮೆಜಾನ್ ಮುಚ್ಚಿತು.

ಭಾರತದ ಕಾನೂನು ಈ ಉಪದೇಶಕರಿಗಿಂತ ಎಷ್ಟೋ ಉದಾರಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಖಾಸಗಿ ಅಥವಾ ಸ್ವಂತ ಉಪಯೋಗಕ್ಕಾಗಿ ಮಾಡುವ ನ್ಯಾಯಯುತ ಬಳಕೆ ಉಲ್ಲಂಘನೆಯಲ್ಲ ಎನ್ನುತ್ತದೆ. 2012ರ ತಿದ್ದುಪಡಿಯ ನಂತರ ಇದು ಸಿನಿಮಾ, ಧ್ವನಿಮುದ್ರಣಗಳಿಗೂ ಅನ್ವಯ. ಸಾಫ್ಟ್‌ವೇರಿಗೆ ಬೇರೆಯೇ ಉಪಕಲಮು: ನ್ಯಾಯವಾಗಿ ಪ್ರತಿ ಹೊಂದಿದವನು, ಅದನ್ನು ಯಾವ ಉದ್ದೇಶಕ್ಕೆ ಕೊಡಲಾಗಿತ್ತೋ ಅದಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು, ಹಾಳಾದೀತೆಂಬ ಮುನ್ನೆಚ್ಚರಿಕೆಗೆ ಬ್ಯಾಕಪ್ ಇಟ್ಟುಕೊಳ್ಳಬಹುದು. ಡಿಟಿಪಿ ಅಂಗಡಿಯವರಿಗೆಂದೇ ಬರೆದಂತಿದೆ. ಪೆನ್‌ಡ್ರೈವಿನಲ್ಲಿ ಬಂದದ್ದು ಅವರೇ ಮಾಡಿಕೊಂಡ ಪ್ರತಿಯಲ್ಲವಲ್ಲ ಎಂದು ವಕೀಲರು ತಕರಾರು ತೆಗೆಯಬಹುದು, ತೆಗೆಯಲಿ. ನೀತಿಯ ದೃಷ್ಟಿಯಲ್ಲಿ ಆ ಸೂಕ್ಷ್ಮಕ್ಕೆ ತೂಕವಿಲ್ಲ.

ಲಾಕ್ ಮುರಿದದ್ದೇ ಅಪರಾಧ ಎನ್ನುವವರು ಅಮೆರಿಕದ 1998ರ ಕಾಯ್ದೆಯನ್ನು ತಲೆಯಲ್ಲಿಟ್ಟುಕೊಂಡು ಮಾತಾಡುತ್ತಾರೆ. ನಮ್ಮ 65-ಎ ಕಲಮು 2012ರಲ್ಲಿ ಬಂದಿತು. ಎರಡು ವರ್ಷದವರೆಗೆ ಸಜೆಯಿದೆ ನಿಜ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಕೆಲಸಕ್ಕೆ ಮುರಿದರೆ ಅಡ್ಡಿಯಿಲ್ಲ ಎಂದು ಅದೇ ಕಲಮಿನಲ್ಲಿ ಬರೆದಿದೆ. ಇನ್ನು ಕರ್ನಾಟಕದ ಗೂಂಡಾ ಕಾಯ್ದೆ. 2014ರಲ್ಲಿ ಅದಕ್ಕೆ ‘ಡಿಜಿಟಲ್ ಅಪರಾಧಿ’ಗಳನ್ನು ಸೇರಿಸಿ, ವಿಚಾರಣೆಗೆ ಮುಂಚೆಯೇ ಹಿಡಿದಿಡುವ ಅಧಿಕಾರ ಕೊಟ್ಟರು. ಅಷ್ಟು ಕಟುವಾದ ಕಾನೂನು ಕೂಡ ಹಕ್ಕುಸ್ವಾಮ್ಯದ ಮಾತು ಬಂದಾಗ ವಾಣಿಜ್ಯ ಉದ್ದೇಶದ ಉಲ್ಲಂಘನೆ ಎಂದೇ ಗೆರೆ ಎಳೆದಿದೆ. ಗೂಂಡಾ ಕಾಯ್ದೆ ಬರೆದವರಿಗೆ ಇರುವ ವಿವೇಕ ಜಾಗೃತಿ ಭಾಷಣ ಬರೆಯುವವರಿಗೆ ಯಾಕಿಲ್ಲ?

ಈಗ ಕಲಾವಿದನ ಹೊಟ್ಟೆಯ ಪ್ರಶ್ನೆ. ಇದನ್ನು ಯಾರು ಕೇಳುತ್ತಿದ್ದಾರೆ ಎಂಬುದನ್ನು ಮೊದಲು ನೋಡಿ. ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ಕಡೆಯ ಡೊಳ್ಳಿನ ಪದದ ಮೇಳಗಳು, ಚೌಡಕಿ ಪದದವರು, ಪಾರಿಜಾತದವರು ಹಾಡಿದ್ದು ಸಂತೆಯ ಪ್ರತಿ ಟೇಪ್‌ರಿಕಾರ್ಡರಿನಲ್ಲೂ ಕೇಳಿಸುತ್ತಿತ್ತು. ಹಾಡಿದವರಿಗೆ ಒಮ್ಮೆ ಕೈಗೆ ಬಂದ ಹಣ ಬಂತು, ಅಲ್ಲಿಗೆ ಬಾಕಿ ಚುಕ್ತಾ. ಸಿನಿಮಾ ಹಾಡು ಬರೆದವರ, ಸಂಗೀತ ಕೊಟ್ಟವರ ಕತೆಯೂ ದೊಡ್ಡದಾಗಿ ಬೇರೆಯಿರಲಿಲ್ಲ; ಎಲ್ಲ ಹಕ್ಕೂ ನಿರ್ಮಾಪಕರಿಗೆ, ಕಂಪನಿಗೆ ಬರೆದುಕೊಡುವುದೇ ರೂಢಿ. ರಾಯಲ್ಟಿಯ ಪಾಲನ್ನು ಅವರಿಂದ ಬರೆಸಿಕೊಳ್ಳುವಂತಿಲ್ಲ ಎಂದು ಹೇಳಲು 2012ರ ತಿದ್ದುಪಡಿಯೇ ಬೇಕಾಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಜಗಳವಾಡಬೇಕಾಯಿತು. ಕಾನೂನು ಕೊರಳಿಗೆ ಬೀಳುವ ತನಕ ಕಲಾವಿದನ ಪಾಲು ಕೊಡದ ಉದ್ಯಮ, ಅದೇ ಹಾಡನ್ನು ಕ್ಯಾಸೆಟ್ಟಿನಲ್ಲಿ ಒಮ್ಮೆ, ಸಿಡಿಯಲ್ಲಿ ಒಮ್ಮೆ, ಡೌನ್‌ಲೋಡ್ ಆಗಿ ಇನ್ನೊಮ್ಮೆ ಮಾರಿದ ಉದ್ಯಮ, ಆ ಕ್ಯಾಸೆಟ್ಟನ್ನು ಎಂಪಿ3 ಮಾಡಿಕೊಂಡ ರೈತನಿಗೆ ಕಲಾವಿದನ ಹಸಿವಿನ ಬಗ್ಗೆ ಬೋಧಿಸುತ್ತದೆ. ಕಲಾವಿದನಿಗೆ ಸಲ್ಲಬೇಕಾದದ್ದು ಮೊದಲ ಮಾರಾಟದಲ್ಲೇ ಸಂದಿರಬೇಕಿತ್ತು. ಸಲ್ಲದಿದ್ದರೆ ತಡೆದವರು ಯಾರು?

ಇಲ್ಲಿಗೆ ನನ್ನ ಕಡೆಯವರೆಂದುಕೊಂಡು ಚಪ್ಪಾಳೆ ತಟ್ಟುವವರು ಕೆಲವರಿದ್ದಾರೆ. ಅವರ ಜತೆಗೂ ನನಗೆ ಜಗಳವಿದೆ.

‘ಟಾಕೀಸಿನ್ಯಾಗ ನೋಡೀನಿ, ಟಿಕೆಟ್ ತಗದೀನಿ, ಈಗ ಟೆಲಿಗ್ರಾಮ್‌ದಾಗ ಇಳಿಸ್ಕೊಂಡ್ರ ಏನಾತ್ರಿ?’ ಎನ್ನುವವನು ಕೊಂಡದ್ದು ಒಂದು ಕುರ್ಚಿ, ಒಂದು ಆಟ. ಸಿನಿಮಾದ ಪ್ರತಿಯನ್ನಲ್ಲ. ಒಂದು ತಿಂಗಳ ಚಂದಾ ಕಟ್ಟಿ ಇಡೀ ಕಣಜ ಬರಿದು ಮಾಡಿಕೊಂಡು ಹೋಗುವವನದೂ ಅದೇ ವಾದ, ಅದೇ ತಪ್ಪು. ಟೊರೆಂಟ್ ಬಳಸುವವರು ಇನ್ನೊಂದು ಮಾತು ತಿಳಿದಿರಬೇಕು: ಅಲ್ಲಿ ಇಳಿಸಿಕೊಳ್ಳುತ್ತಿರುವಾಗಲೇ ನಿಮ್ಮ ಯಂತ್ರ ಅದೇ ಫೈಲಿನ ತುಣುಕುಗಳನ್ನು ಗೊತ್ತಿಲ್ಲದ ಜನಕ್ಕೆ ಹಂಚುತ್ತಿರುತ್ತದೆ. ‘ನಾನು ನನಗಷ್ಟೇ ತೆಗೆದುಕೊಂಡೆ’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಕನ್ನಡ ಪುಸ್ತಕಗಳ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಪರಿ. ಕನ್ನಡದ ಕಥಾಸಂಕಲನವೊಂದು ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ, ಅಷ್ಟು ಖರ್ಚಾಗಲು ವರ್ಷಗಳು ಹಿಡಿಯುತ್ತವೆ. ಲೇಖಕ ಎಷ್ಟೋ ಸಲ ಪ್ರಕಾಶಕನೂ ಹೌದು, ಕಟ್ಟು ಹೊತ್ತು ಸಮ್ಮೇಳನಕ್ಕೆ ಬರುವ ಮಾರಾಟಗಾರನೂ ಹೌದು. ಅಂಥ ಪುಸ್ತಕವನ್ನು ಸ್ಕ್ಯಾನ್ ಮಾಡಿ ‘ಕನ್ನಡ ಸೇವೆ’ ಎಂದು ಬರೆದು ಹರಿಬಿಡುವವರು, ‘ನಾನು ಕೊಂಡಿದ್ದೇನೆ, ಹಂಚುವುದು ನನ್ನ ಹಕ್ಕು’ ಎನ್ನುತ್ತಾರೆ. ಕಾಗದದ ಪುಸ್ತಕವನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ಅದು ನಿಮ್ಮ ಕೈ ಬಿಟ್ಟುಹೋಗುತ್ತದೆ. ಅಷ್ಟು ಹಕ್ಕು ಖಂಡಿತ ನಿಮ್ಮದು. ಫೈಲು ಕಳಿಸಿದಾಗ ನಿಮ್ಮದು ನಿಮ್ಮಲ್ಲೇ ಉಳಿದು ಇನ್ನೂರು ಜನರ ಕೈಗೆ ಇನ್ನೂರು ಹೊಸ ಪ್ರತಿ ಹೋಗುತ್ತದೆ. ಆ ಇನ್ನೂರರ ದುಡ್ಡನ್ನು ನೀವು ಕೊಟ್ಟಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಕೊಟ್ಟ ದುಡ್ಡಿನ ಮೇಲೆ. ಕೊಡದ ದುಡ್ಡಿನ ಪರವಾಗಿ ಅದನ್ನು ಬಳಸಿಕೊಳ್ಳಬೇಡಿ.

ಆಗ ಉಪದೇಶಕರು ಹೇಳುತ್ತಾರೆ: ನೋಡಿ, ಇದಕ್ಕೇ ನಾವು ಒಂದು ಪ್ರತಿಗೂ ಬಿಡಬಾರದು ಎನ್ನುವುದು, ಒಂದು ಬಿಟ್ಟರೆ ಇನ್ನೂರಾಗುತ್ತದೆ. ಆದರೆ ಲಾಕ್ ಆ ಇನ್ನೂರನ್ನು ಎಲ್ಲಿ ತಡೆದಿದೆ? ಸಿನಿಮಾ ಬಿಡುಗಡೆಯಾದ ದಿನವೇ ಟೆಲಿಗ್ರಾಮಿನಲ್ಲಿ ಸಿಗುತ್ತದೆ, ಯಾವ ಲಾಕೂ ಇಲ್ಲದೆ, ಸಲೀಸಾಗಿ. ಲಾಕಿನ ಕಾಟ ಬಿಲ್ ತೆಗೆದುಕೊಂಡವನಿಗೆ ಮಾತ್ರ. ಹಾಡುಗಳ ಮೇಲಿನ ಲಾಕನ್ನು ಆ್ಯಪಲ್ 2009ರಲ್ಲಿ ತೆಗೆದುಹಾಕಿತು. ಹಾಡಿನ ವ್ಯಾಪಾರ ಅದರಿಂದ ಸಾಯಲಿಲ್ಲ. ನಮ್ಮಲ್ಲಿ ನಕಲಿ ತಟ್ಟೆಯ ವ್ಯಾಪಾರಕ್ಕೆ ಬಿಸಿ ಮುಟ್ಟಿಸಿದ್ದು ಪೊಲೀಸರ ದಾಳಿಗಿಂತ ಹೆಚ್ಚಾಗಿ ಮೋಸರ್ ಬೇರ್ ಕಂಪನಿ. 2007ರ ಹೊತ್ತಿಗೆ ಅದು ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ತಂದಿತು. ನಕಲಿಯ ಬೆಲೆಗೇ ಅಸಲಿ ಸಿಗುವಾಗ ಜನ ಅಸಲಿ ಕೊಂಡರು. ಆ ಕಂಪನಿ ಈಗಿಲ್ಲ, 2018ರಲ್ಲಿ ದಿವಾಳಿಯೆದ್ದಿತು. ತಟ್ಟೆಗಳು ಟ್ರಂಕಿನಲ್ಲಿವೆ, ಹೊಸ ಲ್ಯಾಪ್‌ಟಾಪಿಗೆ ತಟ್ಟೆ ಹಾಕುವ ಬಾಯೇ ಇಲ್ಲ. ಅವನ್ನು ಹಾರ್ಡ್‌ಡಿಸ್ಕಿಗೆ ಏರಿಸಿಕೊಳ್ಳಬೇಡ ಎನ್ನುವವರು ಮೂವತ್ನಾಲ್ಕು ರೂಪಾಯಿ ಕೊಟ್ಟವನನ್ನು ಈಗ ಎಲ್ಲಿಗೆ ಹೋಗೆನ್ನುತ್ತಾರೆ?

ಮನೆಯಲ್ಲಿ ಮಾಡಿಕೊಂಡ ಪ್ರತಿಯ ಬಗ್ಗೆ ಇನ್ನೊಂದು ಮಾತಿದೆ, ಉದ್ಯಮದವರಿಗೆ ಕೇಳಲು ಇಷ್ಟವಾಗದ್ದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರ ಅಭಿನಯ. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ನಿಪ್ಪಾಣಿ ದಾಟಿದರೆ ಮುಂದಿನ ದೊಡ್ಡ ಊರು ಅದೇ. ಇವತ್ತು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಹಕ್ಕುಳ್ಳವರ ಕೈಯಲ್ಲೇ ಕನ್ನಡದ ಮೊದಲ ಮಾತು ಕಳೆದುಹೋಯಿತು. ಅತ್ತ ಇಂಗ್ಲೆಂಡಿನಲ್ಲಿ ಬಿಬಿಸಿ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಟೇಪುಗಳನ್ನು ತಾನೇ ಅಳಿಸಿಹಾಕಿತು. ಕಳೆದುಹೋದ ಆ ಕಂತುಗಳ ಧ್ವನಿಯಾದರೂ ಉಳಿದಿರುವುದು, ಟಿವಿಯ ಮುಂದೆ ಟೇಪ್‌ರಿಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರಿಂದ. ಅಪ್ಪಣೆ ಕೇಳದೆ ಮಾಡಿಕೊಂಡ ಪ್ರತಿಗಳವು. ಅದೇ ಇಂಗ್ಲೆಂಡು 2014ರಲ್ಲಿ ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಬಹುದು ಎಂದು ನಿಯಮ ತಂದಿತು, ಉದ್ಯಮದವರು ಕೋರ್ಟಿಗೆ ಹೋಗಿ 2015ರಲ್ಲಿ ಅದನ್ನು ರದ್ದು ಮಾಡಿಸಿದರು. ಜರ್ಮನಿ ಬೇರೆ ದಾರಿ ಹಿಡಿಯಿತು: ಜನ ಮನೆಯಲ್ಲಿ ಪ್ರತಿ ಮಾಡಿಯೇ ಮಾಡುತ್ತಾರೆ ಎಂದು ಒಪ್ಪಿ, 1965ರಿಂದಲೇ ಧ್ವನಿಮುದ್ರಣ ಯಂತ್ರಗಳ ಬೆಲೆಯಲ್ಲಿ ಒಂದು ಪಾಲನ್ನು ಕಲಾವಿದರಿಗೆಂದು ಎತ್ತಿಟ್ಟಿತು.

ನಮ್ಮಲ್ಲಿ ಅಂಥ ಏರ್ಪಾಡಿಲ್ಲ, ಆದರೆ ಇನ್ನೊಂದು ಹತ್ಯಾರವಿದೆ, ಅದನ್ನು ಯಾರೂ ಕೈಗೆತ್ತಿಕೊಳ್ಳುತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ವ್ಯಾಖ್ಯೆಯಿದೆ. ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯಬಹುದು ಎಂಬ ಷರತ್ತು ಅದರೊಳಗೆ ಬರುತ್ತದೆ. ಗ್ರಾಹಕನಿಗೆ ಅನನುಕೂಲವಾಗುವ ಅಸಮಂಜಸ ಷರತ್ತೂ ಬರುತ್ತದೆ. ತೊಡಕೆಂದರೆ ಈ ದೂರನ್ನು ಬೆಳಗಾವಿಯ ಜಿಲ್ಲಾ ಆಯೋಗ ಕೇಳುವಂತಿಲ್ಲ. ಅಧಿಕಾರ ಇರುವುದು ರಾಜ್ಯ ಆಯೋಗಕ್ಕೆ. ಇನ್ನೂರು ರೂಪಾಯಿಯ ಇ-ಪುಸ್ತಕಕ್ಕಾಗಿ ಅಲ್ಲಿಯತನಕ ಯಾರು ಹೋಗುತ್ತಾರೆ ಎಂಬ ಧೈರ್ಯದ ಮೇಲೇ ಆ ಷರತ್ತುಗಳೆಲ್ಲ ನಿಂತಿವೆ. ದೂರನ್ನು ಈಗ ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಬಿಲ್ಲು ಜೋಪಾನ ಮಾಡಿಟ್ಟುಕೊಂಡ ಕನ್ನಡದ ಓದುಗರೊಬ್ಬರು ಆ ಕೆಲಸ ಮಾಡಲಿ. ‘ಖರೀದಿಸಿ’ ಎಂಬ ಗುಂಡಿ ಒತ್ತಿ ದುಡ್ಡು ಕೊಟ್ಟ ಈ ಗ್ರಾಹಕರು ನಿಜವಾಗಿ ಏನನ್ನೂ ಖರೀದಿಸಿರಲಿಲ್ಲ ಎಂದು ಕಂಪನಿಯ ವಕೀಲರು ಆಯೋಗದ ಮುಂದೆ ಎದ್ದುನಿಂತು ಹೇಳಲಿ, ಅದು ಕಡತಕ್ಕೆ ಸೇರಲಿ.